ಶಾಲೆಯಲ್ಲಿ ಭಯ ಬೇಡ, ಭರವಸೆಯಿರಲಿ

ಮುಂಗಾರು ಮಳೆಯೊಡನೆ ಶಾಲೆಗಳ ಬಾಗಿಲು ತೆರೆಯುವುದು ನಮ್ಮ ನಾಡಿನ ರೂಢಿ. ಹೊಸ ಸಮವಸ್ತ್ರ, ಹೊಸ ಪುಸ್ತಕಗಳ ಪರಿಮಳ, ಹೊಸ ತರಗತಿಯ ಕುತೂಹಲ ಇವೆಲ್ಲವುಗಳ ನಡುವೆ ಒಂದು ಹಳೆಯ ಮಾತು ಮಾತ್ರ ಪ್ರತಿ ವರ್ಷವೂ ತಪ್ಪದೆ ಕೇಳಿಬರುತ್ತದೆ. ಮಗುವನ್ನು ತರಗತಿಯ ತನಕ ಕರೆತಂದ ತಂದೆಯೋ ತಾಯಿಯೋ ಶಿಕ್ಷಕಿಯ ಕಡೆ ತಿರುಗಿ, "ಟೀಚರ್, ಹೇಳಿದ ಮಾತು ಕೇಳದಿದ್ದರೆ ಎರಡು ಬಾರಿಸಿ, ನಾವೇನೂ ಕೇಳುವುದಿಲ್ಲ" ಎಂದು ಹೇಳಿ ಹೊರಟುಹೋಗುತ್ತಾರೆ. ಆಡಿದವರಿಗೂ ಕೇಳಿದವರಿಗೂ ಅದು ಶಿಕ್ಷಕರ ಮೇಲಿನ ಗೌರವದ ಮಾತಾಗಿಯೇ ತೋರುತ್ತದೆ. ಆದರೆ ಅದನ್ನು ಮಗುವೂ ಕೇಳಿಸಿಕೊಂಡಿರುತ್ತದೆ. ನಾಳೆ ಏನಾದರೂ ನಡೆದರೆ ಮನೆಯಲ್ಲಿ ಹೇಳಿ ಪ್ರಯೋಜನವಿಲ್ಲವೆಂಬುದನ್ನು ಅದು ಅಂದೇ ಕಲಿತುಬಿಡುತ್ತದೆ.

ಇದೇ ಪೋಷಕರು ಮೂರು ತಿಂಗಳ ಬಳಿಕ, ಪರೀಕ್ಷೆಯ ಅಂಕಗಳು ಕಡಿಮೆಯಾದೊಡನೆ, ಅದೇ ಶಿಕ್ಷಕಿಯನ್ನು ತರಗತಿಯ ವಾಟ್ಸ್ಯಾಪ್ ಗುಂಪಿನಲ್ಲಿ ಎಲ್ಲರೆದುರು ವಿಚಾರಣೆಗೆ ಗುರಿಪಡಿಸುವುದೂ ಉಂಟು. ಮಗು ಶಿಕ್ಷಕರಿಗೆ ಅಂಜುತ್ತದೆ, ಶಿಕ್ಷಕರು ಪೋಷಕರಿಗೆ ಅಂಜುತ್ತಾರೆ, ಪೋಷಕರು ಆಡಳಿತ ಮಂಡಳಿಗೆ ಅಂಜುತ್ತಾರೆ, ಆಡಳಿತ ಮಂಡಳಿಯು ಶಾಲೆಯ ಹೆಸರು ಕೆಟ್ಟೀತೆಂದು ಅಂಜುತ್ತದೆ. ಹೊರಗಿನಿಂದ ನೋಡುವವರಿಗೆ ಇದು ಶಿಸ್ತಾಗಿ ಕಾಣಬಹುದು. ಒಳಗೆ ಮಾತ್ರ ಯಾರೂ ಯಾರನ್ನೂ ನಂಬದ ಸ್ಥಿತಿ. ಗೌರವ, ವಿಶ್ವಾಸ, ಸಹಕಾರ ಎಂಬ ಮೂರು ಪದಗಳು ನಮ್ಮ ಶಾಲೆಗಳ ವಾರ್ಷಿಕೋತ್ಸವದ ಭಾಷಣಗಳಲ್ಲಿ ಧಾರಾಳವಾಗಿ ಕೇಳಿಬರುತ್ತವೆ. ಅವು ವೇದಿಕೆಯಿಂದ ಇಳಿದು ತರಗತಿಯೊಳಗೆ ಬರಬೇಕಾದರೆ ಏನು ಮಾಡಬೇಕೆಂಬುದನ್ನು ಈ ವಾರ ಆಲೋಚಿಸೋಣ.

ಎರಡು ಬಗೆಯ ಭಯ

"ದಂಡಂ ದಶಗುಣಂ" ಎಂಬ ಮಾತನ್ನು ನಾವೆಲ್ಲರೂ ಕೇಳಿ ಬೆಳೆದವರು. ಭಯವಿಲ್ಲದೆ ಗೌರವವಿಲ್ಲ, ಏಟಿಲ್ಲದೆ ವಿದ್ಯೆಯಿಲ್ಲ ಎಂಬುದು ಅನೇಕ ಸಜ್ಜನರ ಪ್ರಾಮಾಣಿಕ ನಂಬಿಕೆ. ಈ ನಂಬಿಕೆಯನ್ನು ಹಳಿಯುವುದಕ್ಕಿಂತ ಅದನ್ನು ಪರೀಕ್ಷಿಸುವುದು ಲೇಸು. 13ನೆಯ ಶತಮಾನದ ಮಹಾಚಿಂತಕ ಸಂತ ತೋಮಸ್ ಅಕ್ವಿನಾಸರು ದೇವಭಯದ ವಿಚಾರವನ್ನು ವಿವರಿಸುತ್ತಾ ಎರಡು ಬಗೆಯ ಭಯವನ್ನು ಬೇರ್ಪಡಿಸಿ ತೋರಿಸಿದ್ದಾರೆ. ಒಂದು ದಾಸನ ಭಯ, ಮತ್ತೊಂದು ಮಗನ ಭಯ. ದಾಸನು ಶಿಕ್ಷೆಗೆ ಹೆದರುತ್ತಾನೆ. ಮಗನು ತಾನು ಪ್ರೀತಿಸುವ ತಂದೆಯ ಮನಸ್ಸು ನೋಯಬಾರದೆಂದು, ಆ ತಂದೆಯಿಂದ ತಾನು ದೂರವಾಗಬಾರದೆಂದು ಅಂಜುತ್ತಾನೆ. ನಾವು ಗೌರವವೆಂದು ಕರೆಯಬೇಕಾದುದು ಈ ಎರಡನೆಯದನ್ನು. ಬೆತ್ತವು ಕಣ್ಮರೆಯಾದೊಡನೆ ದಾಸನ ಭಯವೂ ಕಣ್ಮರೆಯಾಗುತ್ತದೆ. ಶಿಕ್ಷಕರು ಹೊರಗೆ ಹೋದ ಕ್ಷಣವೇ ಸಂತೆಯಾಗುವ ತರಗತಿ ಇದಕ್ಕೆ ಸಾಕ್ಷಿ.

ಕಲಿಕೆಯ ಸ್ವರೂಪವನ್ನು ಕುರಿತೂ ಅದೇ ಸಂತರು ಒಂದು ಸುಂದರ ಹೋಲಿಕೆಯನ್ನು ಕೊಟ್ಟಿದ್ದಾರೆ. ಅವರ ದೃಷ್ಟಿಯಲ್ಲಿ ಬೋಧಕನು ವೈದ್ಯನಿದ್ದಂತೆ. ರೋಗಿಯ ದೇಹದಲ್ಲೇ ಇರುವ ಪ್ರಕೃತಿಶಕ್ತಿ ಅವನನ್ನು ಗುಣಪಡಿಸುತ್ತದೆ. ವೈದ್ಯನು ಅದಕ್ಕೆ ನೆರವಾಗುತ್ತಾನೆ. ಹಾಗೆಯೇ ಕಲಿಯುವ ಕೆಲಸವನ್ನು ಮಗುವಿನ ಸ್ವಂತ ಬುದ್ಧಿಯೇ ಮಾಡಬೇಕು. ಶಿಕ್ಷಕರು ಅದಕ್ಕೆ ಹೊರಗಿನಿಂದ ದಾರಿ ಮಾಡಿಕೊಡುತ್ತಾರೆ. ಮಗುವನ್ನು ಗೌರವಿಸಬೇಕೆಂಬ ಮಾತು ಬರಿಯ ಮೃದುತನದ ಮಾತಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಹೆದರಿದ ಬುದ್ಧಿ ಪಾಠವನ್ನು ಒಪ್ಪಿಸಬಹುದು, ಪ್ರಶ್ನೆಯನ್ನು ಮಾತ್ರ ಕೇಳಲಾರದು. ಪ್ರಶ್ನೆ ಕೇಳದ ಮಗುವಿಗೆ ಎಲ್ಲಿ ಅರ್ಥವಾಗಿಲ್ಲವೆಂಬುದು ಶಿಕ್ಷಕರಿಗೆ ತಿಳಿಯುವುದಾದರೂ ಹೇಗೆ? ಮಕ್ಕಳನ್ನು ಕೆಣಕಿ ಅವರ ಮನಸ್ಸು ಕುಗ್ಗುವಂತೆ ಮಾಡಬಾರದೆಂದು ಸಂತ ಪೌಲರು ಕೊಲೊಸ್ಸೆಯ ಸಭೆಯ ತಂದೆಯರನ್ನು ಎಚ್ಚರಿಸಿದ್ದು ಇದೇ ಕಾರಣಕ್ಕೆ.

ಟ್ಯೂರಿನ್ ನಗರದ ಒಂದು ಕರಾರುಪತ್ರ

ಈ ತತ್ತ್ವವನ್ನು ಬದುಕಿ ತೋರಿಸಿದವರಲ್ಲಿ ಸಂತ ಜಾನ್ ಬೋಸ್ಕೊ ಅಗ್ರಗಣ್ಯರು. 1841ರ ಡಿಸೆಂಬರ್ 8ರಂದು, ಅಮಲೋದ್ಭವ ಮಾತೆಯ ಹಬ್ಬದ ದಿನ, ಇಟಲಿಯ ಟ್ಯೂರಿನ್ ನಗರದ ಅಸ್ಸಿಸಿಯ ಸಂತ ಫ್ರಾನ್ಸಿಸರ ದೇವಾಲಯದಲ್ಲಿ ಅವರು ಬಲಿಪೂಜೆಗೆ ಸಿದ್ಧರಾಗುತ್ತಿದ್ದರು. ಚಳಿಗೆ ಒಳಬಂದು ನಿಂತಿದ್ದ ಬಡ ಹುಡುಗನೊಬ್ಬನಿಗೆ ಪೂಜೆಯಲ್ಲಿ ಸೇವೆ ಮಾಡಲು ಬಾರದೆಂಬ ಕಾರಣಕ್ಕೆ ದೇವಾಲಯದ ಪರಿಚಾರಕನು ಕೋಲಿನಿಂದ ಹೊಡೆದು ಓಡಿಸಿದನು. ಬೋಸ್ಕೊ ಆ ಹುಡುಗ ತಮ್ಮ ಗೆಳೆಯನೆಂದು ಹೇಳಿ ಅವನನ್ನು ಹಿಂದಕ್ಕೆ ಕರೆಸಿಕೊಂಡರು. ಓದು ಬಾರದ, ತಂದೆತಾಯಿ ಇಲ್ಲದ ಆ ಹುಡುಗನೊಡನೆ ಪೂಜೆಯ ನಂತರ ಮಾತನಾಡಿದರು, ಅವನನ್ನು ನಗಿಸಿದರು, ಬಳಿಕ ಶಿಲುಬೆಯ ಗುರುತಿನಿಂದ ಪಾಠ ಆರಂಭಿಸಿದರು. ಸಲೇಸಿಯನ್ ಸಭೆಯ ಶಿಕ್ಷಣ ಸೇವೆಯ ಮೂಲವನ್ನು ಅದರ ಸದಸ್ಯರು ಇಂದಿಗೂ ಈ ಘಟನೆಯಲ್ಲಿಯೇ ಗುರುತಿಸುತ್ತಾರೆ.

ಇಷ್ಟನ್ನು ನಮ್ಮ ಅನೇಕ ಓದುಗರು ಬಲ್ಲರು. ಅದಕ್ಕಿಂತ ಕಡಿಮೆ ಪರಿಚಿತವಾದ ಇನ್ನೊಂದು ಸಂಗತಿಯು ನಮ್ಮ ಇಂದಿನ ವಿಷಯಕ್ಕೆ ಹೆಚ್ಚು ಹತ್ತಿರವಾದುದು. ಅಂದಿನ ಟ್ಯೂರಿನ್‌ನಲ್ಲಿ ಕಸುಬು ಕಲಿಯಲು ಸೇರಿದ ಹುಡುಗರನ್ನು ಯಜಮಾನರು ಮನೆಗೆಲಸಕ್ಕೆ ದುಡಿಸುತ್ತಿದ್ದರು, ಹೊಡೆಯುತ್ತಿದ್ದರು. ಬೋಸ್ಕೊ ಯಜಮಾನರಿಗೆ ಉಪದೇಶ ಮಾಡಿ ಸುಮ್ಮನಾಗಲಿಲ್ಲ. ಮುದ್ರಾಂಕದ ಕಾಗದದ ಮೇಲೆ ಕರಾರು ಬರೆಸಿದರು. 1852ರ ಫೆಬ್ರುವರಿಯಲ್ಲಿ ಬಡಗಿಯೊಬ್ಬನ ಬಳಿ ಹುಡುಗನೊಬ್ಬನನ್ನು ಸೇರಿಸುವಾಗ ಮಾಡಿಕೊಂಡ ಅಂತಹ ಒಂದು ಕರಾರು ಉಳಿದುಬಂದಿದೆ. ಕಸುಬನ್ನು ಪೂರ್ಣವಾಗಿ ಕಲಿಸಬೇಕು, ತಪ್ಪಿದಾಗ ಮಾತಿನಿಂದಲೇ ತಿದ್ದಬೇಕು, ಹೊಡೆಯಬಾರದು, ಕಸುಬಿಗೆ ಸಂಬಂಧಿಸದ ಕೆಲಸ ಹೇಳಬಾರದು, ಹಬ್ಬದ ದಿನಗಳಲ್ಲಿ ಬಿಡುವು ಕೊಡಬೇಕು, ವರ್ಷದಿಂದ ವರ್ಷಕ್ಕೆ ಕೂಲಿ ಹೆಚ್ಚಿಸಬೇಕು ಎಂಬ ಷರತ್ತುಗಳಿಗೆ ಯಜಮಾನನು ಒಪ್ಪಿದನು. ಶ್ರದ್ಧೆಯಿಂದ, ವಿಧೇಯನಾಗಿ ಕಲಿಯುವೆನೆಂದು ಹುಡುಗನು ಮಾತು ಕೊಟ್ಟನು. ಅವನ ತಂದೆ ಹೊಣೆ ನಿಂತನು. ಹುಡುಗನ ನಡತೆಗೆ ಬೆಂಬಲವಾಗಿರುವೆನೆಂದು ಬೋಸ್ಕೊ ಒಪ್ಪಿಕೊಂಡರು.

ಈ ಸಣ್ಣ ಕಾಗದದಲ್ಲಿ ಗೌರವ, ವಿಶ್ವಾಸ, ಸಹಕಾರ ಮೂರೂ ಅಡಗಿವೆ. ಯಾರೊಬ್ಬರೂ ಇನ್ನೊಬ್ಬರ ಕರ್ತವ್ಯವನ್ನು ಮಾತ್ರ ಪಟ್ಟಿ ಮಾಡಿ ಕುಳಿತಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಹೊಣೆಗೆ ಮಾತು ಕೊಟ್ಟಿದ್ದಾರೆ. ಹುಡುಗನೂ ಅದರಲ್ಲಿ ಒಬ್ಬ ಪಕ್ಷಗಾರ. ಒಳ್ಳೆಯ ಮನಸ್ಸು ಒಳ್ಳೆಯ ವ್ಯವಸ್ಥೆಯಾಗಿ ಮಾರ್ಪಡದಿದ್ದರೆ ಅದು ವ್ಯಕ್ತಿಯೊಡನೆಯೇ ಕೊನೆಗೊಳ್ಳುತ್ತದೆಂಬುದನ್ನು ಆ ಸಂತರು ಅರಿತಿದ್ದರು.

ಮತ್ತೊಂದು ಪಾಠವನ್ನು ಅವರು ವೃದ್ಧಾಪ್ಯದಲ್ಲಿ ಕಲಿಸಿದರು. 1884ರ ಮೇ ತಿಂಗಳಲ್ಲಿ ರೋಮ್ ನಗರದಿಂದ ತಮ್ಮ ಸಂಸ್ಥೆಗೆ ಬರೆದ ಪತ್ರದಲ್ಲಿ, ಮಕ್ಕಳಿಗೂ ಹಿರಿಯರಿಗೂ ನಡುವೆ ಅಪನಂಬಿಕೆಯ ಗೋಡೆ ಎದ್ದಿದೆಯೆಂದು ಅವರು ನೊಂದುಕೊಂಡರು. ಹಿರಿಯರು ಆಟದ ಬಯಲಿನಿಂದ ದೂರ ಸರಿದು ಕೇವಲ ಮೇಲಧಿಕಾರಿಗಳಾದಾಗ ಆ ಗೋಡೆ ಏಳುತ್ತದೆಂಬುದು ಅವರ ನಿದಾನ. ಮಕ್ಕಳನ್ನು ಪ್ರೀತಿಸಿದರಷ್ಟೇ ಸಾಲದು, ಆ ಪ್ರೀತಿ ಮಕ್ಕಳ ಅನುಭವಕ್ಕೆ ಬರಬೇಕೆಂಬುದು ಆ ಪತ್ರದ ತಿರುಳು. ಸಂತರೇ ಸ್ಥಾಪಿಸಿದ ಮನೆಯಲ್ಲಿ ಇಂತಹ ಗೋಡೆ ಏಳಬಹುದಾದರೆ ನಮ್ಮ ಶಾಲೆಗಳಲ್ಲಿ ಏಳದಿರುವುದೆ?

ವಿಶ್ವಾಸವೆಂದರೆ ಕಣ್ಣು ಮುಚ್ಚುವುದಲ್ಲ

ಟ್ಯೂರಿನ್‌ನ ಆ ಕರಾರಿನಲ್ಲಿದ್ದ ನಿಯಮ ಇಂದು ನಮ್ಮ ದೇಶದ ಕಾನೂನಿನಲ್ಲಿಯೂ ಇದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಈ ಕಾಯಿದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸದೆಂದು ತೀರ್ಪಿತ್ತಿತು. 2025ರಲ್ಲಿ ಅದೇ ನ್ಯಾಯಾಲಯದ ಇನ್ನೊಂದು ಪೀಠವು ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ ವಿಷಯವನ್ನು ದೊಡ್ಡ ಪೀಠದ ಪರಿಗಣನೆಗೆ ಒಪ್ಪಿಸಿತು. ನ್ಯಾಯಾಲಯದ ನಿರ್ಣಯ ಏನೇ ಇರಲಿ, ಸಂವಿಧಾನದ 30ನೆಯ ವಿಧಿಯು ನಮಗೆ ಕೊಟ್ಟಿರುವುದು ಶಾಲೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು. ಮಗುವಿನ ಮೇಲೆ ಕೈಮಾಡುವ ಹಕ್ಕು ಅದರಲ್ಲಿ ಸೇರಿಲ್ಲ. ನೆರೆಯ ಸರಕಾರಿ ಶಾಲೆಯ ಮಗುವಿಗೆ ಕಾನೂನು ಕೊಡುವ ರಕ್ಷಣೆಯನ್ನು ನಮ್ಮ ಶಾಲೆಯ ಮಗುವಿಗೆ ಶುಭಸಂದೇಶವೇ ಕೊಡಬೇಕು.

ಇನ್ನೂ ಗಂಭೀರವಾದ ವಿಷಯವೊಂದಿದೆ. ಶಾಲೆಯ ಹೆಸರನ್ನು ಉಳಿಸುವುದಕ್ಕಾಗಿ ಮಗುವಿನ ದೂರನ್ನು ಮುಚ್ಚಿಡುವುದು ವಿಶ್ವಾಸಕ್ಕೆ ಬಗೆಯುವ ಬಹುದೊಡ್ಡ ದ್ರೋಹ. 2012ರ ಪೋಕ್ಸೊ ಕಾಯಿದೆಯ ಪ್ರಕಾರ ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದುಬಂದ ಪ್ರತಿಯೊಬ್ಬರೂ ಅದನ್ನು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದು ಅಪರಾಧ. 2019ರ ಮೇ ತಿಂಗಳಲ್ಲಿ ಜಗದ್ಗುರು ಫ್ರಾನ್ಸಿಸರು ಹೊರಡಿಸಿದ ಆಜ್ಞೆಯು ಗುರುಗಳೂ ಧಾರ್ಮಿಕರೂ ಇಂತಹ ಪ್ರಕರಣಗಳನ್ನು ಧರ್ಮಸಭೆಯ ಅಧಿಕಾರಿಗಳಿಗೆ ವರದಿ ಮಾಡುವುದನ್ನು ಕಡ್ಡಾಯಗೊಳಿಸಿತು, ನಾಡಿನ ಕಾನೂನನ್ನು ಪಾಲಿಸುವ ಹೊಣೆಯನ್ನೂ ಹಾಗೆಯೇ ಉಳಿಸಿತು. ಮಕ್ಕಳ ಸಹಾಯವಾಣಿ 1098 ಎಂಬ ಸಂಖ್ಯೆ ಪ್ರತಿ ಶಾಲೆಯ ಗೋಡೆಯ ಮೇಲೆ ಮಕ್ಕಳ ಕಣ್ಣಿಗೆ ಬೀಳುವ ಎತ್ತರದಲ್ಲಿರಬೇಕು. ಸತ್ಯವು ಹೊರಬರಲು ದಾರಿಯಿರುವ ಕಡೆ ಮಾತ್ರ ವಿಶ್ವಾಸ ಬೇರುಬಿಡುತ್ತದೆ.

ಶಿಕ್ಷಕರ ಗೌರವವೂ ಇಲ್ಲಿ ಸೇರಿದ ವಿಷಯವೇ. ಬೋಸ್ಕೊ ಬರೆಸಿದ ಕರಾರಿನಲ್ಲಿ ಕೂಲಿಯೂ ಬಿಡುವೂ ನಿಗದಿಯಾಗಿದ್ದುದನ್ನು ನಾವು ಮರೆಯಬಾರದು. ನ್ಯಾಯವಾದ ವೇತನ ದುಡಿಯುವವನ ಹಕ್ಕೆಂದು ಜಗದ್ಗುರು 13ನೆಯ ಲಿಯೊ 1891ರಲ್ಲಿಯೇ ತಮ್ಮ ವಿಶ್ವಪತ್ರದಲ್ಲಿ ಸಾರಿದರು. ಅನುದಾನರಹಿತ ಶಾಲೆಗಳಲ್ಲಿ ಅಲ್ಪ ಸಂಬಳಕ್ಕೆ, ಲಿಖಿತ ನೇಮಕಾತಿಯೂ ಇಲ್ಲದೆ ದುಡಿಯುವ ಯುವ ಶಿಕ್ಷಕಿಯರಿದ್ದಾರೆ. ತಮ್ಮ ನಾಳೆಯ ಬಗ್ಗೆ ಭರವಸೆಯಿಲ್ಲದವರು ಮಕ್ಕಳಿಗೆ ಭರವಸೆ ತುಂಬಬೇಕೆಂದು ಬಯಸುವುದು ನ್ಯಾಯವಲ್ಲ. ಸಹೋದ್ಯೋಗಿಗಳ ಮುಂದೆ, ಮಕ್ಕಳ ಮುಂದೆ ಶಿಕ್ಷಕರನ್ನು ಗದರುವ ಶಾಲೆಯಲ್ಲಿ ಆ ಗದರಿಕೆ ಕೊನೆಗೆ ಮಕ್ಕಳ ಮೇಲೆಯೇ ಇಳಿಯುತ್ತದೆ.

ಸಹಕಾರಕ್ಕೊಂದು ವ್ಯವಸ್ಥೆ

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಹೊರಡಿಸಿದ ಕ್ರೈಸ್ತ ಶಿಕ್ಷಣದ ಘೋಷಣೆಯಲ್ಲಿ ತಂದೆತಾಯಂದಿರೇ ಮಕ್ಕಳ ಮೊದಲ ಹಾಗೂ ಪ್ರಧಾನ ಶಿಕ್ಷಕರೆಂದು ಸಾರಿತು. 1983ರ ಧರ್ಮಸಭಾ ಕಾನೂನಿನ 796ನೆಯ ನಿಯಮ ಇನ್ನೂ ಮುಂದೆ ಹೋಗುತ್ತದೆ. ಪೋಷಕರು ಶಿಕ್ಷಕರೊಡನೆ ನಿಕಟವಾಗಿ ಸಹಕರಿಸಬೇಕು, ಶಿಕ್ಷಕರು ಪೋಷಕರ ಮಾತಿಗೆ ಮನಃಪೂರ್ವಕವಾಗಿ ಕಿವಿಗೊಡಬೇಕು, ಪೋಷಕರ ಸಂಘ ಮತ್ತು ಸಭೆಗಳನ್ನು ಏರ್ಪಡಿಸಿ ಅವುಗಳಿಗೆ ಮನ್ನಣೆ ಕೊಡಬೇಕೆಂದು ಅದು ವಿಧಿಸುತ್ತದೆ. ಹೀಗಿರುವಾಗ ಶುಲ್ಕ ಮತ್ತು ಅಂಕಪಟ್ಟಿಗೆ ಮಾತ್ರ ಪೋಷಕರನ್ನು ಕರೆಯುವ ಶಿಕ್ಷಕ-ರಕ್ಷಕ ಸಂಘ ಆ ಹೆಸರಿಗೆ ತಕ್ಕುದಾಗಲಾರದು.

ಆದುದರಿಂದ ನಮ್ಮ ಧರ್ಮಕೇಂದ್ರಗಳ ಶಾಲೆಗಳು ಒಂದು ಸರಳ ಕಾರ್ಯವನ್ನು ಕೈಗೊಳ್ಳಬಹುದು. ವರ್ಷದ ಮೊದಲ ಸಭೆಯಲ್ಲಿ ಒಂದೇ ಪುಟದ ಒಪ್ಪಂದವನ್ನು ಎಲ್ಲರೂ ಕುಳಿತು ಬರೆಯಲಿ. ಮಗುವನ್ನು ಹೊಡೆಯುವುದಿಲ್ಲ, ಹೀಯಾಳಿಸುವುದಿಲ್ಲ, ಜಾತಿ ಬಡತನಗಳನ್ನು ಎತ್ತಿ ಆಡುವುದಿಲ್ಲವೆಂದು ಶಿಕ್ಷಕರು ಮಾತು ಕೊಡಲಿ. ದೂರಿದ್ದರೆ ಮೊದಲು ಶಿಕ್ಷಕರೊಡನೆ ಎದುರಾಎದುರು ಮಾತನಾಡುತ್ತೇವೆ, ಮಗುವಿನ ಮುಂದೆ ಶಿಕ್ಷಕರನ್ನು ಹಳಿಯುವುದಿಲ್ಲ, ಮನೆಯಲ್ಲಿಯೂ ಬೆತ್ತ ಹಿಡಿಯುವುದಿಲ್ಲವೆಂದು ಪೋಷಕರು ಒಪ್ಪಲಿ. ಬಂದ ದೂರಿಗೆ ಇಷ್ಟು ದಿನಗಳೊಳಗೆ ಉತ್ತರ ಕೊಡುತ್ತೇವೆ, ಸಿಬ್ಬಂದಿಗೆ ಲಿಖಿತ ನೇಮಕಾತಿಯನ್ನೂ ಸಕಾಲದಲ್ಲಿ ಸಂಬಳವನ್ನೂ ಕೊಡುತ್ತೇವೆಂದು ಸಂಚಾಲಕರೂ ಆಡಳಿತ ಮಂಡಳಿಯೂ ಸಹಿ ಹಾಕಲಿ. ಮಕ್ಕಳು ತಮ್ಮ ಮಾತುಗಳಲ್ಲಿ ತಮ್ಮ ಹೊಣೆಯನ್ನು ಬರೆಯಲಿ. ಇದಕ್ಕೆ ಕಟ್ಟಡ ಬೇಡ, ವಂತಿಗೆ ಬೇಡ. ಒಂದು ಮಧ್ಯಾಹ್ನ ಸಾಕು. ಆದರೆ ವರ್ಷದ ನಡುವೆ ಒಮ್ಮೆ ಅದೇ ಪುಟವನ್ನು ತೆರೆದು ಯಾರು ಮಾತಿಗೆ ನಡೆದುಕೊಂಡಿದ್ದಾರೆಂದು ನೋಡುವ ಧೈರ್ಯ ಬೇಕು.

ಇಂತಹ ಶಾಲೆಯಲ್ಲಿ ಶಿಸ್ತು ಸಡಿಲವಾಗುವುದೆಂಬ ಆತಂಕ ಸಹಜವೇ. ಬೆತ್ತ ಕೆಳಗಿಟ್ಟ ಶಿಕ್ಷಕರಿಗೆ ಕೆಲಸ ಹೆಚ್ಚುತ್ತದೆಂಬುದೂ ನಿಜ. ಏಟಿಗೆ ಅರೆನಿಮಿಷ ಸಾಕು. ಮಗು ಏಕೆ ಪಾಠ ಮಾಡಿ ಬಂದಿಲ್ಲವೆಂದು ತಿಳಿಯಲು ಅರ್ಧ ಗಂಟೆ ಬೇಕಾದೀತು. ಮನೆಯಲ್ಲಿ ತಾಯಿ ಕಾಯಿಲೆ ಬಿದ್ದಿರಬಹುದು, ತಂದೆಯ ಕುಡಿತದಿಂದ ರಾತ್ರಿ ನಿದ್ದೆ ಇಲ್ಲದಿರಬಹುದು, ಅಕ್ಷರಗಳೇ ಅದಕ್ಕೆ ಸರಿಯಾಗಿ ಕಾಣದಿರಬಹುದು. ಆ ಅರ್ಧ ಗಂಟೆಯನ್ನು ಕೊಡುವಷ್ಟು ಬಿಡುವನ್ನು ಶಿಕ್ಷಕರಿಗೆ ಒದಗಿಸುವುದು ಆಡಳಿತದ ಕರ್ತವ್ಯ. ಕೇಳಿದಾಗ ಮನೆಯ ಸ್ಥಿತಿಯನ್ನು ಸಂಕೋಚವಿಲ್ಲದೆ ತಿಳಿಸುವುದು ಪೋಷಕರ ಕರ್ತವ್ಯ. ಸಹಕಾರವೆಂದರೆ ಇದೇ.

ನಮ್ಮ ಶಾಲೆಗಳ ಬಾಗಿಲಿಗೆ ಎಲ್ಲ ಮತಧರ್ಮಗಳ ಮಕ್ಕಳೂ ಬರುತ್ತಾರೆ. ನಮ್ಮ ವಿಶ್ವಾಸವನ್ನು ಒಪ್ಪದ ಮನೆಗಳವರೂ ತಮ್ಮ ಮಕ್ಕಳನ್ನು ನಮಗೆ ನಂಬಿ ಒಪ್ಪಿಸಿದ್ದಾರೆ. ಅವರು ನಮ್ಮ ಧರ್ಮಬೋಧೆಯನ್ನು ಕೇಳಲಾರರು, ಆದರೆ ತಮ್ಮ ಮಗು ಸಂಜೆ ಯಾವ ಮುಖ ಹೊತ್ತು ಮನೆಗೆ ಮರಳುತ್ತದೆಂಬುದನ್ನು ದಿನವೂ ನೋಡುತ್ತಾರೆ. ಮಕ್ಕಳನ್ನು ತಡೆಯಲು ಹೊರಟ ಶಿಷ್ಯರನ್ನು ಪ್ರಭು ಯೇಸು ಗದರಿಸಿದರೇ ಹೊರತು ಮಕ್ಕಳನ್ನಲ್ಲ. ಆ ಪ್ರಭುವಿನ ಹೆಸರಿನಲ್ಲಿ ನಡೆಯುವ ಶಾಲೆಗಳಲ್ಲಿ ಮಗುವೊಂದು ತನ್ನ ತಪ್ಪನ್ನು ಹೆದರದೆ ಹೇಳುವಂತಾಗಲಿ, ಶಿಕ್ಷಕರು ತಲೆಯೆತ್ತಿ ಪಾಠ ಮಾಡುವಂತಾಗಲಿ, ತಂದೆತಾಯಂದಿರು ಸಂಚಾಲಕರ ಕೋಣೆಯ ಬಾಗಿಲನ್ನು ಅಳುಕದೆ ತಟ್ಟುವಂತಾಗಲಿ. ಈ ಶೈಕ್ಷಣಿಕ ವರ್ಷದಲ್ಲಿ ಅಂತಹ ಒಂದು ಪುಟದ ಒಪ್ಪಂದವನ್ನು ಬರೆಯಲು ನಮ್ಮ ಪ್ರತಿಯೊಂದು ಶಾಲೆಯೂ ಮುಂದಾಗಲೆಂದು ಹಾರೈಸುತ್ತೇವೆ.