ಕಡತದಲ್ಲಿ ಸೂರ್ಯನನ್ನು ಹಿಡಿದಿಡುವುದು

ನಿರ್ಮಲವಾದ ಹಗಲಿನಲ್ಲಿ ನಡುನೆತ್ತಿಯ ಸೂರ್ಯನನ್ನೂ ಅವನ ಸುತ್ತಣ ನೀಲಾಕಾಶವನ್ನೂ ಒಂದೇ ಛಾಯಾಚಿತ್ರದಲ್ಲಿ ಹಿಡಿಯಬೇಕೆಂದು ಭಾವಿಸೋಣ. (ಬರಿಗಣ್ಣಿನಿಂದ ಸೂರ್ಯನನ್ನು ನೋಡುವ ಸಾಹಸಕ್ಕೆ ವಾಚಕರು ಕೈಹಾಕಬಾರದು.) ಸೂರ್ಯಬಿಂಬದ ದೀಪ್ತಿಯು ಆಕಾಶದ ದೀಪ್ತಿಗಿಂತ ಸುಮಾರು 2 ಲಕ್ಷ ಪಟ್ಟು ಹೆಚ್ಚು. ನಾವು ದಿನವೂ ಬಳಸುವ ಜೆಪೆಗ್ ಕಡತವಾದರೋ ಒಂದೊಂದು ಬಣ್ಣಕ್ಕೆ 0 ಯಿಂದ 255 ರವರೆಗಿನ 256 ಮೆಟ್ಟಿಲುಗಳನ್ನು ಮಾತ್ರ ಇರಿಸಿಕೊಂಡಿದೆ. ಬಿಳಿಯ ಮೋಡಕ್ಕೂ ಅದರಲ್ಲಿ 255, ಸೂರ್ಯನಿಗೂ 255!

ಈ ಕೊರತೆಯನ್ನು ನೀಗಲು ಹುಟ್ಟಿದುದೇ ಹೈ ಡೈನಮಿಕ್ ರೇಂಜ್ ಚಿತ್ರ. ಷಟರನ್ನು ಹೆಚ್ಚು ಕಡಿಮೆ ಕಾಲ ತೆರೆದು ಒಂದೇ ನೋಟದ ಹಲವು ಚಿತ್ರಗಳನ್ನು ತೆಗೆದು, ಅವುಗಳಿಂದ ಪ್ರತಿಯೊಂದು ಬಿಂದುವಿನ ದೀಪ್ತಿಯ ಪ್ರಮಾಣವನ್ನು ಗಣಿಸುವ ಕ್ರಮವೊಂದನ್ನು ಡೆಬೆವೆಕ್ ಮತ್ತು ಮಲಿಕ್ ಎಂಬವರು 1997 ರಲ್ಲಿ ಪ್ರಕಟಿಸಿದರು. ಸೂರ್ಯನನ್ನು ಹಿಡಿಯಲು ಮಸೂರದ ಮುಂದೆ ಕಪ್ಪು ಗಾಜೂ ಬೇಕಾಗುತ್ತದೆ.

ಇಷ್ಟು ದೊಡ್ಡ ಸಂಖ್ಯೆಗಳನ್ನು ಸಣ್ಣ ಕಡತದಲ್ಲಿ ಅಡಕಮಾಡುವ ಬಗೆ ಹೇಗೆ? ಬೆಳಕಿನ ವೇಗವನ್ನು ನಾವು ತರಗತಿಯಲ್ಲಿ 3 × 10⁸ ಎಂದು ಬರೆಯುವುದಿಲ್ಲವೆ? ಅಮೆರಿಕದ ಗ್ರೆಗ್ ವಾರ್ಡ್ ತಮ್ಮ ‘ರೇಡಿಯನ್ಸ್’ ಎಂಬ ಬೆಳಕಿನ ಗಣನೆಯ ಸಾಧನಕ್ಕಾಗಿ ಇದೇ ಉಪಾಯವನ್ನು ಹೂಡಿದರು. ಕೆಂಪು, ಹಸಿರು, ನೀಲಿಗಳಿಗೆ ಒಂದೊಂದು ಬೈಟು. ಮೂರಕ್ಕೂ ಸಾಮಾನ್ಯವಾದ ಘಾತಾಂಕಕ್ಕೆ ನಾಲ್ಕನೆಯದು. ಆಕಾಶವನ್ನು 1 ಎಂದೆಣಿಸಿ ಸೂರ್ಯನ ಕೆಂಪನ್ನು 2,00,000 ಎಂದಿಟ್ಟುಕೊಂಡರೆ, ಕಡತದಲ್ಲಿ ಅದಕ್ಕೆ 195 ಎಂದೂ, ಅದನ್ನು 2¹⁰ ಅಂದರೆ 1,024 ರಿಂದ ಗುಣಿಸಬೇಕೆಂಬ ಸೂಚನೆಯೂ ಇರುತ್ತವೆ. ಗುಣಲಬ್ಧ 1,99,680. ತಪ್ಪು ಅತ್ಯಲ್ಪ.

ಇನ್ನು ಪರಿವರ್ತನೆಯ ಮಾತು. ಚಲನಚಿತ್ರರಂಗದಲ್ಲಿ ಬಳಕೆಯಾಗುವುದು ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸಂಸ್ಥೆಯು 2003 ರಲ್ಲಿ ಸಾರ್ವಜನಿಕರಿಗೆ ಕೊಟ್ಟ ‘ಓಪನ್ ಇಎಕ್ಸ್‌ಆರ್’ ರೂಪ. ಅದರಲ್ಲಿ ಪ್ರತಿಯೊಂದು ಬಣ್ಣಕ್ಕೂ ಸಾಮಾನ್ಯವಾಗಿ 16 ಬಿಟ್‌ಗಳು, ತನ್ನದೇ ಆದ ಘಾತಾಂಕ. ಮೆಟ್ಟಿಲುಗಳು ವಾರ್ಡ್ ರೂಪದವಕ್ಕಿಂತ ಬಹಳ ನಯವಾದವು. ಆದುದರಿಂದ ಹಳೆಯದನ್ನು ಹೊಸದಕ್ಕೆ ಬದಲಾಯಿಸಿದರೆ ಲಾಭವೇ ಹೊರತು ನಷ್ಟವಿಲ್ಲವೆಂದು ಯಾರಿಗಾದರೂ ತೋರೀತು. ನನಗೂ ಹಾಗೆಯೇ ತೋರಿತ್ತು.

ಆದರೆ ಈ 16 ಬಿಟ್ ಸಂಖ್ಯೆಗೆ ಒಂದು ಮೇಲ್ಮಿತಿಯುಂಟು: 65,504. ನಮ್ಮ ಸೂರ್ಯನು ಅದರ ಮೂರು ಪಟ್ಟು! ಪರಿವರ್ತಿಸುವ ಸಾಧನವು ಅವನನ್ನು ‘ಅನಂತ’ವೆಂದು ಬರೆದುಕೊಂಡರೆ, ಮುಂದೆ ಚಿತ್ರವನ್ನು ತುಸು ಮಸುಕುಗೊಳಿಸಿದಾಗ ನೆರೆಯ ಬಿಂದುಗಳೂ ಅನಂತವಾಗಿ ಕೆಡುತ್ತವೆ. ಇದಾದರೂ ಕಣ್ಣಿಗೆ ಬೀಳುವ ಕೇಡು. ಕೆಲವು ಸಾಧನಗಳು ಸದ್ದಿಲ್ಲದೆ 65,504 ಕ್ಕೆ ಕತ್ತರಿಸಿಬಿಡುತ್ತವೆ. ಇದೇ ಹೆಚ್ಚು ಅಪಾಯಕರ. ಪರದೆಯ ಮೇಲೆ ಎರಡೂ ಬಿಳಿಯ ಬಿಂಬಗಳೇ, ವ್ಯತ್ಯಾಸ ತಿಳಿಯುವುದಿಲ್ಲ.

ಅಂಥ ಆಕಾಶಚಿತ್ರವೊಂದರ ಬೆಳಕಿನಲ್ಲಿ ಕಟ್ಟಡವೊಂದರ ಅಂಗಳವು ಹೇಗೆ ತೋರುವುದೆಂದು ನಾನೊಮ್ಮೆ ಗಣಕದಲ್ಲಿ ಲೆಕ್ಕಹಾಕಿಸಿದೆನು. ನೆರಳುಗಳು ತೆಳುಮೋಡದ ದಿನದವುಗಳಂತೆ ಪೇಲವವಾಗಿ ಬಂದುವು. ಗೋಡೆಯ ಸುಣ್ಣದ ಪ್ರತಿಫಲನವನ್ನು ಶಂಕಿಸುತ್ತ ಅರ್ಧ ದಿನ ಕಳೆದೆನು! ಲೆಕ್ಕ ಸರಳವಾಗಿತ್ತು. ಸೂರ್ಯಬಿಂಬವು ಆಕಾಶದ ಅರ್ಧಗೋಲದಲ್ಲಿ ಸುಮಾರು ಲಕ್ಷದಲ್ಲೊಂದು ಪಾಲನ್ನಷ್ಟೆ ಆವರಿಸಿದ್ದರೂ, ನಡುಹಗಲಿನಲ್ಲಿ ಸಮತಟ್ಟಾದ ನೆಲಕ್ಕೆ ಬೀಳುವ ಬೆಳಕಿನ ಐದು ಪಾಲಿನಲ್ಲಿ ನಾಲ್ಕು ಪಾಲು ಅವನದು. ಮೇಲ್ಮಿತಿಗೆ ಕತ್ತರಿಸಿದಾಗ ಆ ನಾಲ್ಕು ಪಾಲು ಒಂದೂಕಾಲು, ಒಂದೂವರೆಗೆ ಇಳಿದಿತ್ತು.

ಪರಿಹಾರವೂ ಕಷ್ಟದ್ದಲ್ಲ. ಪರಿವರ್ತಿಸುವ ಮೊದಲು ಚಿತ್ರದ ಎಲ್ಲ ಸಂಖ್ಯೆಗಳನ್ನೂ 16 ರಿಂದ ಭಾಗಿಸಿದರೆ ಸೂರ್ಯನು 12,500 ಕ್ಕೆ ಇಳಿಯುತ್ತಾನೆ. ಪರಸ್ಪರ ಪ್ರಮಾಣಗಳು ಕದಲುವುದಿಲ್ಲ. 16 ಎಂಬುದು 2 ರ ಘಾತವಾದುದರಿಂದ ಘಾತಾಂಕ ಮಾತ್ರ ಬದಲಾಗಿ ಅಂಕಿಗಳು ಹಾಗೆಯೇ ಉಳಿಯುತ್ತವೆ. ಮುಂದೆ ಪುನಃ ಗುಣಿಸಲು ಆ 16 ನ್ನು ಎಲ್ಲಿಯಾದರೂ ಬರೆದಿಡಬೇಕು, ಅಷ್ಟೆ. ಇಲ್ಲವೇ ಅದೇ ಇಎಕ್ಸ್‌ಆರ್‌ನ 32 ಬಿಟ್ ಬಗೆಯನ್ನು ಆರಿಸಿಕೊಳ್ಳಬಹುದು. ಕಡತ ಮಾತ್ರ ಹಿಗ್ಗುತ್ತದೆ.

ಜೆಪೆಗ್‌ಗೆ ಇಳಿಸುವುದು ಬೇರೆಯೇ ಕೆಲಸ. ಅಲ್ಲಿ ದೀಪ್ತಿಯನ್ನು ‘ಅದಕ್ಕೆ 1 ಕೂಡಿಸಿದ ಸಂಖ್ಯೆ’ಯಿಂದ ಭಾಗಿಸುವಂಥ ಸೂತ್ರಗಳಿಂದ ಎಲ್ಲವನ್ನೂ ಕುಗ್ಗಿಸುತ್ತಾರೆ. ಆಕಾಶ ½ ಆಗುತ್ತದೆ, ಸೂರ್ಯನು 1 ಕ್ಕೆ ಕೂದಲೆಳೆಯಷ್ಟು ಕಡಿಮೆ. ನೋಡಲು ಹಿತವಾದ ಚಿತ್ರವೇನೋ ದೊರೆಯುತ್ತದೆ. ಅದರಿಂದ 2 ಲಕ್ಷವನ್ನು ಮರಳಿ ಪಡೆಯುವಂತಿಲ್ಲ.

ಈಗ ನಾನು ಪರಿವರ್ತನೆಯ ಮುನ್ನವೂ ಅನಂತರವೂ ಚಿತ್ರದ ಗರಿಷ್ಠ ಸಂಖ್ಯೆಯನ್ನು ಕೇಳಿ ನೋಡುತ್ತೇನೆ. ಎರಡೂ ತಾಳೆಯಾಗುವವರೆಗೆ ಮೂಲ ಕಡತವನ್ನು ಅಳಿಸುವುದಿಲ್ಲ.