ದುಡಿದವಳ ದುಡ್ಡು

ಮಂಜೇಶ್ವರ, ಕುಂಬಳೆ ಕಡೆಯ ಮನೆಗಳಲ್ಲಿ ಗೆರಸೆ ಮಡಿಲಲ್ಲಿಟ್ಟು ಬೀಡಿ ಕಟ್ಟಿ ಸಂಸಾರ ತೂಗಿಸಿದ ಹೆಂಗಸರು ಎಷ್ಟೋ ಮಂದಿ. ಅಂಥ ಒಬ್ಬಾಕೆಯನ್ನು ನಾವು ಊಹಿಸಿಕೊಳ್ಳೋಣ. ಬೀಡಿಯನ್ನು ಬ್ರಾಂಚಿಗೆ ಒಯ್ಯುವವಳು ಆಕೆ. ಮಜೂರಿ ಬೀಳುವ ಖಾತೆ ಆಕೆಯ ಹೆಸರಿನಲ್ಲಿ, ಎ.ಟಿ.ಎಂ. ಕಾರ್ಡು ಗಂಡನ ಕಿಸೆಯಲ್ಲಿ. ತವರಿಗೆ ಹೋಗಲು ಬಸ್ಸಿನ ಚಾರ್ಜು ಬೇಡಬೇಕು. ಬಂದ ಮೇಲೆ ಚಿಲ್ಲರೆಯ ಲೆಕ್ಕ ಒಪ್ಪಿಸಬೇಕು. ಅಪ್ಪ ಹಾಕಿದ ಬಳೆ ಅಡವಿಗೆ ಹೋದದ್ದು ಆಕೆಗೆ ತಿಳಿದದ್ದು ಏಲದ ನೋಟೀಸು ಬಂದಾಗ. ಗಂಡ ಒಂದು ದಿನವೂ ಕೈ ಎತ್ತಿದವನಲ್ಲ. “ಸಾಧು ಮನುಷ್ಯ” ಎನ್ನುತ್ತದೆ ನೆರೆಕರೆ. ಆಕೆಯೂ ಹಾಗೆಯೇ ನಂಬಿದ್ದಾಳೆ. ಕಷ್ಟವಿರುವುದು ಇಲ್ಲೇ.

ಮನೆಯ ಹಣಕಾಸನ್ನು ಒಬ್ಬರೇ ನೋಡಿಕೊಂಡರೆ ತಪ್ಪೇನೂ ಇಲ್ಲ. ಹಿಂದೆಯೂ ಪೆಟ್ಟಿಗೆಯ ಬೀಗದ ಕೈ ಒಬ್ಬರಲ್ಲೇ ಇರುತ್ತಿತ್ತು. (ಅದು ಅಜ್ಜಿಯ ಸೊಂಟದಲ್ಲಿದ್ದ ಮನೆಗಳನ್ನೂ ನಾವು ಬಲ್ಲೆವು.) ವ್ಯತ್ಯಾಸ ತಿಳಿಯುವುದು ಪ್ರಶ್ನೆ ಕೇಳಿದಾಗ. “ಪಾಸ್‌ಬುಕ್ ಎಲ್ಲಿದೆ?” ಎಂದರೆ ತೆಗೆದು ತೋರಿಸುವವನು ವ್ಯವಹಾರ ನೋಡಿಕೊಳ್ಳುವವನು. “ನನ್ನ ಮೇಲೆ ನಂಬಿಕೆ ಇಲ್ಲವೋ?” ಎಂದು ವಾರಗಟ್ಟಲೆ ಮಾತು ಬಿಡುವವನು, ಮನೆ ಸಾಮಾನಿನ ದುಡ್ಡಿಗೆ ಕತ್ತರಿ ಹಾಕುವವನು ಬೇರೆ.

ನಮ್ಮ ಕನ್ನಡ ಮನೆಗಳಲ್ಲಿ ಇನ್ನೊಂದು ತೊಡಕು. ಸಾಲದ ಕಾಗದ ಮಲಯಾಳದಲ್ಲಿ. ಕನ್ನಡ ಶಾಲೆಯಲ್ಲಿ ಕಲಿತಾಕೆಗೆ ಅದನ್ನು ಓದಲು ಬಾರದು. ಗಂಡ ಬೆರಳಿಟ್ಟಲ್ಲಿ ರುಜು. 1998ರಲ್ಲಿ ಆರಂಭವಾದ ಕುಟುಂಬಶ್ರೀಯ ಸಾಲವೂ ಹೀಗಾಗುವುದುಂಟು: ತೆಗೆದವಳು ಆಕೆ, ಖರ್ಚು ಮಾಡಿದವನು ಆತ, ಕಂತು ಕಟ್ಟುವವಳು ಮತ್ತೆ ಆಕೆ.

ಸ್ತ್ರೀಧನ ಹೆಂಡತಿಯ ಸ್ವಂತ ಸೊತ್ತು, ಗಂಡನ ಮನೆಯಲ್ಲಿಟ್ಟ ಮಾತ್ರಕ್ಕೆ ಅವನದಾಗದು ಎಂದು ಸುಪ್ರೀಂ ಕೋರ್ಟು 1985ರಲ್ಲಿ ಪ್ರತಿಭಾ ರಾಣಿ ಮೊಕದ್ದಮೆಯಲ್ಲಿ ಹೇಳಿತು. 2005ರ ಗೃಹಹಿಂಸೆ ತಡೆ ಕಾನೂನು ಇಂಥದ್ದಕ್ಕೆಲ್ಲ ಆರ್ಥಿಕ ಹಿಂಸೆ ಎಂಬ ಹೆಸರನ್ನೇ ಕೊಟ್ಟಿತು. ಜಾತಿ ಮತ ಯಾವುದಾದರೂ ಅದು ಅನ್ವಯಿಸುತ್ತದೆ. ದೂರಿಗೆ ಮೈಮೇಲೆ ಗಾಯ ಬೇಕಿಲ್ಲ. ಖರ್ಚಿಗೆ ಹಣ ಕೊಡಿಸಲು, ಸ್ತ್ರೀಧನ ಹಿಂತಿರುಗಿಸಲು ಮ್ಯಾಜಿಸ್ಟ್ರೇಟರು ಆಜ್ಞೆ ಮಾಡಬಹುದು. ಜಿಲ್ಲೆಯ ಸಂರಕ್ಷಣಾಧಿಕಾರಿಯವರಲ್ಲಿ ಹೇಳಿಕೊಳ್ಳಬಹುದು. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ತಾಲೂಕು ಕಾನೂನು ಸೇವಾ ಸಮಿತಿಯ ಮೂಲಕ ವಕೀಲರ ನೆರವು ಪುಕ್ಕಟೆ.

ಸರಕಾರಿ ಕಚೇರಿಗೆ ಬರೆಯುವ ಅರ್ಜಿ ಮಲಯಾಳದಲ್ಲೇ ಆಗಬೇಕೆಂದಿಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾನೂನಿನಂತೆ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳಿಗೆ ನಾವು ಕನ್ನಡದಲ್ಲಿ ಬರೆಯಬಹುದು. ಉತ್ತರವೂ ಕನ್ನಡದಲ್ಲೇ ಬರತಕ್ಕದ್ದು. ಬರೆಯುವ ಮೊದಲು ಆಕೆ ಅಡವಿನ ಚೀಟಿಯ ನಂಬ್ರ, ಖಾತೆಯ ನಂಬ್ರ, ಬಳೆ ಎಷ್ಟು ಪವನಿನದು ಎಂಬುದನ್ನು ಒಂದು ಕಾಗದದಲ್ಲಿ ಗುರುತು ಹಾಕಿ ತವರಿನಲ್ಲಿಟ್ಟಿರಲಿ.