ಘಟ್ಟ ಇಳಿದು ಬರುತ್ತಿದ್ದ ಗೋಲು

ಗೋಲಾದ ಕ್ಷಣವೇ ಮೊಬೈಲಿನಲ್ಲಿ ನೋಡುವ ಇಂದಿನ ಮಕ್ಕಳಿಗೆ ಇದು ಸೋಜಿಗವೆನಿಸೀತು. ಒಂದು ಕಾಲಕ್ಕೆ ಕಾರವಾರ, ಅಂಕೋಲೆಗಳಿಗೆ ಫುಟ್‌ಬಾಲ್ ವರದಿ ಬರುತ್ತಿದ್ದುದು ಪತ್ರಿಕೆಯ ಕಟ್ಟಿನೊಂದಿಗೆ. ಹುಬ್ಬಳ್ಳಿಯದು ಅರಬೈಲ್ ಘಟ್ಟ ಇಳಿಯಬೇಕು. ಗೋವೆಯದು ಕಾಳಿ ನದಿ ದಾಟಬೇಕು. 1984ರಲ್ಲಿ ಗೋವೆ ಸಂತೋಷ್ ಟ್ರೋಫಿ ಗೆದ್ದ ವರದಿಯ ಹಾದಿಯೂ ಇದೇ.

1986ರ ಜೂನ್ 22ರಂದು ಮೆಕ್ಸಿಕೋದಲ್ಲಿ ಮರಡೋನಾ ಇಂಗ್ಲೆಂಡ್ ವಿರುದ್ಧ ಎರಡು ಗೋಲು ಹೊಡೆದಾಗ ಅಲ್ಲಿ ಮಧ್ಯಾಹ್ನ, ನಮ್ಮಲ್ಲಿ ನಡುರಾತ್ರಿ ಕಳೆದಿತ್ತು. ದೂರದೂರಿನ ಪತ್ರಿಕೆ ಅಚ್ಚಿಗೆ ಹೋಗುವ ಹೊತ್ತು ಅದು. ಟಿ.ವಿ. ಇಲ್ಲದ ಮನೆಗೆ ರೇಡಿಯೋ ಹೇಳುವುದು ಅಂಕಿ ಮಾತ್ರ: 2-1. ಗೋಲು ಹೇಗಾಯಿತೆಂದು ತಿಳಿಯಲು ಇನ್ನೊಂದು ದಿನ ಕಾಯಬೇಕು.

ಹಾಗೆ ಕಾದು ಓದಿದವರು ಆಟವನ್ನು ಮನಸ್ಸಿನಲ್ಲೇ ಆಡಿಸಿಕೊಳ್ಳುತ್ತಿದ್ದರು. ಪಾಲಕರೇ, ದೃಶ್ಯ ತೋರಿಸುವ ಮೊದಲು ಮಕ್ಕಳಿಗೆ ಒಮ್ಮೆ ವರದಿ ಓದಿಸಿ. ಮೈದಾನವನ್ನು ಅವರೇ ಕಟ್ಟಿಕೊಳ್ಳಲಿ.